ನಿಕಾಹ್‌ಗೆ ಮುನ್ನ ಒಂದು ಫೈಲ್

ಕಳೆದ ವರ್ಷ ನಮ್ಮ ಆಪಾಳ ನಿಕಾಹ್ ಆಯಿತು. ಹಾಲ್, ಬಾವರ್ಚಿ, ಕಾರ್ಡು, ಬಟ್ಟೆ ಎಂದು ಅಬ್ಬಾ ತಿಂಗಳುಗಟ್ಟಲೆ ಓಡಾಡಿದರು. ಕಾಗದಪತ್ರಗಳಿಗೆ ಮಾತ್ರ ನಾವು ಅರ್ಧ ದಿನವನ್ನೂ ಕೊಡಲಿಲ್ಲ. ನಿಕಾಹ್ ದಿನ ಖಾಜಿ ಸಾಹೇಬರು ಹೆಸರು ಕೇಳಿದಾಗ, ಮನೆಯ ರೂಢಿಯಂತೆ ಹೆಸರಿನ ಕೊನೆಗೆ ‘ಬೇಗಂ’ ಎಂದು ಬರೆಸಿದೆವು. ಆಪಾಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಾನು’ ಎಂದಿದೆ. ಆಧಾರ್‌ನಲ್ಲಿ ಇವೆರಡೂ ಇಲ್ಲ, ಅಬ್ಬಾರ ಹೆಸರಿನ ಮೊದಲ ಅಕ್ಷರ ಮಾತ್ರ ಇದೆ.

ಭಾವ ಗಲ್ಫ್‌ನಲ್ಲಿ ಕೆಲಸ ಮಾಡುತ್ತಾರೆ. ಆಪಾಳ ವೀಸಾಕ್ಕೆ ಮದುವೆ ನೋಂದಣಿ ಪತ್ರ ಬೇಕಾಯಿತು. ಮನೆಯಲ್ಲಿ ಕನ್ನಡ ಓದಿ ಬರೆಯಲು ಚೆನ್ನಾಗಿ ಬರುವುದು ನನಗೆ, ಆದ್ದರಿಂದ ಅರ್ಜಿ ತುಂಬಿದವಳು ನಾನೇ. ಕಚೇರಿಯಲ್ಲಿ ಮೂರೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು, “ಇವರು ಒಬ್ಬರಾ, ಮೂವರಾ?” ಎಂದು ಕೇಳಿದರು. ತಪ್ಪು ಅವರದಲ್ಲ, ನಮ್ಮದೇ. ಅಫಿಡವಿಟ್, ತಿದ್ದುಪಡಿ ಎಂದು ಎರಡು ತಿಂಗಳು ಹೋಯಿತು. ರಜೆ ಮುಗಿದು ಭಾವ ಒಬ್ಬರೇ ಹೊರಟರು. ಆ ದಿನ ಆಪಾ ಊಟ ಮಾಡಲಿಲ್ಲ.

ಅಕೌಂಟೆನ್ಸಿಯಲ್ಲಿ ಕ್ಯಾಷ್ ಬುಕ್ ಮತ್ತು ಪಾಸ್ ಬುಕ್ ಎರಡನ್ನೂ ಎದುರಿಗಿಟ್ಟುಕೊಂಡು ವ್ಯತ್ಯಾಸ ಹುಡುಕುತ್ತೇವಲ್ಲವೇ? ಮದುವೆಗೆ ಮುನ್ನವೂ ಅದೇ ಕೆಲಸ ಮಾಡಬೇಕು. ನಾನು ಕಲಿತದ್ದು ಇಷ್ಟು:

1. ವಯಸ್ಸು: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಪುರಾವೆಗೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಳ್ಳಿ.

2. ಹೆಸರು: ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಒಂದೇ ರೀತಿ ಇವೆಯೇ ನೋಡಿ. ಒಂದರಲ್ಲಿ ‘ಮೊಹಮ್ಮದ್’ ಎಂದು ಪೂರ್ತಿ, ಇನ್ನೊಂದರಲ್ಲಿ ‘ಎಂ.ಡಿ.’ ಎಂದಿದ್ದರೆ ಅದೂ ವ್ಯತ್ಯಾಸವೇ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಆದ್ದರಿಂದ ಯೋಚಿಸಿ ತಿದ್ದಿಸಿ.

3. ನಿಕಾಹ್‌ನಾಮಾ: ಖಾಜಿ ಸಾಹೇಬರಿಗೆ ಹೆಸರನ್ನು ಬಾಯಲ್ಲಿ ಹೇಳಬೇಡಿ. ಅಂಕಪಟ್ಟಿಯಲ್ಲಿರುವಂತೆ ಚೀಟಿಯಲ್ಲಿ ಬರೆದು ಮೊದಲೇ ಕೊಡಿ. ಹಿಜರಿ ತಾರೀಖಿನ ಜೊತೆ ಇಂಗ್ಲಿಷ್ ತಾರೀಖೂ ಇರಲಿ. ಮಹರ್ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಚಿನ್ನವಾದರೆ ಎಷ್ಟು ಗ್ರಾಂ ಎಂದು ಬರೆಸಿ. ಕೂಡಲೇ ಕೊಡುವ ಮಹರ್, ಆಮೇಲೆ ಕೊಡುವ ಮಹರ್ ಎರಡನ್ನೂ ನಾವು ‘ಮುಅಜ್ಜಲ್’ ಎಂದೇ ಉಚ್ಚರಿಸುತ್ತೇವೆ. ಉರ್ದುವಿನಲ್ಲಿ ಒಂದಕ್ಕೆ ‘ಐನ್’, ಇನ್ನೊಂದಕ್ಕೆ ‘ಹಮ್ಜಾ’. ಅರ್ಥ ಮಾತ್ರ ಪೂರಾ ಉಲ್ಟಾ. ಯಾವುದೆಂದು ಬಿಡಿಸಿ ಬರೆಸಿ. ಕೊಡದೆ ಉಳಿದ ಮಹರ್ ಗಂಡನ ಮೇಲಿನ ಸಾಲ.

4. ನೋಂದಣಿ: ನಿಕಾಹ್ ಆದರೆ ಮದುವೆ ಆಯಿತು, ನಿಜ. ಆದರೆ ಸರ್ಕಾರಿ ನೋಂದಣಿಯೇ ಬೇರೆ. ನಮ್ಮ ರಾಜ್ಯದಲ್ಲಿ ಅದಕ್ಕೆ 1976ರ ಕಾಯ್ದೆ ಇದೆ. ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಕಾಹ್‌ನಾಮಾ, ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳ ಗುರುತಿನ ಚೀಟಿ ಸಿದ್ಧವಾಗಿರಲಿ.

ಧಾರ್ಮಿಕ ವಿಧಿಯಿಲ್ಲದೆ, ಕಾನೂನಿನ ಮೂಲಕವೇ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿದ್ದು ನೋಟಿಸ್ ಕೊಡಬೇಕು. ಅದು ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ಮದುವೆಗೆ ಮೂವರು ಸಾಕ್ಷಿಗಳು ಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ಆಗಿಲ್ಲ, ಇದೆಲ್ಲ ಈಗೇಕೆ ಎನ್ನಬಹುದು. ಅಂಕಪಟ್ಟಿಯ ತಪ್ಪನ್ನು ಸರಿಪಡಿಸಲು ಓದಿದ ಹೈಸ್ಕೂಲಿಗೇ ಹೋಗಬೇಕು, ತಡವಾದಷ್ಟೂ ಕಷ್ಟ. ಸ್ಕಾಲರ್‌ಶಿಪ್, ಬ್ಯಾಂಕ್ ಖಾತೆಗೂ ಇದೇ ಹೆಸರು ಬೇಕು. ಕುರ್‌ಆನ್‌ನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇದೆ. ಕಾಮರ್ಸ್ ಓದುವ ನಮಗೆ ಬೇರೆ ಯಾರು ಹೇಳಬೇಕು?

ಆಪಾ ಈಗ ಭಾವನ ಜೊತೆಗಿದ್ದಾಳೆ. ಹೊರಡುವ ದಿನ ನನ್ನ ಕೈಗೆ ಒಂದು ಖಾಲಿ ಫೈಲ್ ಕೊಟ್ಟು, “ನೀನು ಈಗಿನಿಂದಲೇ ಶುರು ಮಾಡು” ಎಂದಳು. ಬರುವ ಭಾನುವಾರ ನೀವೂ ನಿಮ್ಮ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ.