ಸಿಗ್ನಲ್‌ನಲ್ಲಿ ನಡುಗುವ ಹಳೆಯ ಕಾರು

ಕೆಂಪು ದೀಪದ ಮುಂದೆ ಕಾರು ನಿಂತಾಗ ಸ್ಟಿಯರಿಂಗ್ ನಡುಗುತ್ತದೆ, ಟ್ಯಾಕೋಮೀಟರಿನ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದೊಡನೆ ಎಲ್ಲ ಸರಿ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಏನೂ ಅರಿಯದ ಹಸುವಿನಂತೆ ನಿಂತಿರುತ್ತದೆ. ಕೊಲ್ಲಿ ನಾಡಿನಲ್ಲಿ ಹಳೆಯ ಕಾರು ಇಟ್ಟುಕೊಂಡ ನಮ್ಮಂಥವರಿಗೆ ಇದು ಪರಿಚಿತ ಕಾಯಿಲೆ. ಊಹೆಯ ಮೇಲೆ ಪ್ಲಗ್, ಕಾಯಿಲ್, ಸೆನ್ಸರ್ ಎಂದು ಬದಲಾಯಿಸುತ್ತ ಹೋದರೆ ಮಕ್ಕಳ ಶಾಲಾ ಶುಲ್ಕದ ಹಣ ಅದಕ್ಕೇ ಹೋಗುತ್ತದೆ, ಕಾಯಿಲೆ ಅಲ್ಲೇ ಉಳಿಯುತ್ತದೆ.

ಮಕ್ಕಳೇ, ಮೊದಲು ಒಂದು ಲೆಕ್ಕ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೆ ಒಮ್ಮೆ ದಹನವಾಗುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗಿದರೆ ಒಟ್ಟು 1500 ದಹನ, ಅಂದರೆ ಸೆಕೆಂಡಿಗೆ 25. ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ ಸುಮಾರು ಆರು ಸಲ ತಳ್ಳುವ ಬಲ ತಪ್ಪುತ್ತದೆ. ನಿಮಗೆ ಗೊತ್ತಾಗುವ ನಡುಕ ಅದೇ.

ಹಾಗಾದರೆ ಓಡುವಾಗ ಏಕಿಲ್ಲ? ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅನೇಕ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಸೆನ್ಸರಿನ ಆಚೆ ರಬ್ಬರ್ ಕೊಳವೆ ಸೀಳಿದ್ದರೆ ಅಳತೆಗೆ ಸಿಗದ ಗಾಳಿ ನುಗ್ಗುತ್ತದೆ. ಒಂದು ಲೋಟ ಪಾನಕಕ್ಕೆ ಅರ್ಧ ಲೋಟ ನೀರು ಬಿದ್ದರೆ ರುಚಿ ಕೆಡುತ್ತದೆ. ಅದೇ ನೀರು ಒಂದು ಕೊಡ ಪಾನಕಕ್ಕೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಿಂತ ಎಂಜಿನ್ ಕುಡಿಯುವ ಗಾಳಿ ಬರೀ ಲೋಟದಷ್ಟು. ಇಲ್ಲಿಯ ಬಿಸಿಲಿಗೆ ಬಾನೆಟ್ಟಿನ ಕೆಳಗೆ ರಬ್ಬರ್ ಬೇಗ ಗಡುಸಾಗಿ ಬಿರುಕು ಬಿಡುತ್ತದೆ. ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗುವಾಗ ಆ ಬಿರುಕು ಒಮ್ಮೆ ತೆರೆದು ಒಮ್ಮೆ ಮುಚ್ಚುವುದರಿಂದಲೇ ನಡುಕವೂ ಬಂದು ಹೋಗುತ್ತದೆ.

ಈಗ ನಿಮ್ಮ ಕೆಲಸ. ಒಂದು ನೋಟ್‌ಬುಕ್ ಹಿಡಿದು ಎರಡು ವಾರ ಬರೆಯಿರಿ. ನಡುಗಿದ್ದು ಎಂಜಿನ್ ತಣ್ಣಗಿದ್ದಾಗಲೋ, ಅರ್ಧ ಗಂಟೆ ಓಡಿದ ಮೇಲೋ? ಎ.ಸಿ. ಹಾಕಿತ್ತೇ? ಪೆಟ್ರೋಲ್ ತುಂಬಿಸಿದ ಕೂಡಲೇ ಬಂತೇ? ಎ.ಸಿ. ಹಾಕಿದಾಗ ಮಾತ್ರ ಬಂದರೆ ಮಸಿ ಕಟ್ಟಿದ ಥ್ರಾಟಲ್ ಅಥವಾ ಐಡಲ್ ವಾಲ್ವ್ ಮೇಲೆ ಮೊದಲ ಅನುಮಾನ. ಎಂಜಿನ್ ಕಾದ ಮೇಲೆ ಮಾತ್ರ ಬಂದರೆ ಕಾಯಿಲ್ ಮೇಲೆ. ಮುಳ್ಳು ಅಲುಗದೆ ಕಾರು ಮಾತ್ರ ಅದುರುತ್ತ, ಡಿ ಗೇರಿನಿಂದ ನ್ಯೂಟ್ರಲ್‌ಗೆ ಹಾಕಿದಾಗ ಕಡಿಮೆಯಾದರೆ, ತಪ್ಪು ದಹನದ್ದಲ್ಲದೆ ಎಂಜಿನ್ ಕೂತಿರುವ ರಬ್ಬರ್ ಮೌಂಟಿನದ್ದೂ ಇರಬಹುದು. ಇದನ್ನು ನೋಡದೆ ಪ್ಲಗ್ ಬದಲಾಯಿಸುವವರೇ ಹೆಚ್ಚು!

ಚೆಕ್ ಎಂಜಿನ್ ದೀಪ ಹತ್ತಿದ್ದರೆ ಕೋಡ್ ಓದಿಸಿ. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಕೋಡ್ ಕಡ್ಡಾಯವಾಯಿತು. ಬೇರೆ ದೇಶಗಳಿಗೆಂದು ತಯಾರಾದ ಆ ಕಾಲದ ಕಾರುಗಳಿಗೆ ಆ ಕಾನೂನು ಇರಲಿಲ್ಲ. ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ ಎಂದು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎಂಜಿನ್ ಆರಿದ ಮೇಲೆ ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಬೇಕು. ಮುಂದಿನ ಸಲ ಪಿ0303 ಬಂದರೆ ತಪ್ಪು ಕಾಯಿಲ್‌ನದ್ದೇ. ಪಿ0302 ಆಗಿಯೇ ಉಳಿದರೆ ಕಾಯಿಲ್ ಬಿಟ್ಟು ಪ್ಲಗ್, ಇಂಜೆಕ್ಟರ್ ನೋಡಬೇಕು. ಖರ್ಚಿಲ್ಲದ, ಅಚ್ಚುಕಟ್ಟಾದ ಪ್ರಯೋಗ. ಪಿ0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದರ್ಥ. ಆಕ್ಸಿಜನ್ ಸೆನ್ಸರ್ ಕೊಳ್ಳಲು ಓಡಬೇಡಿ, ಮೊದಲು ಕೊಳವೆಗಳನ್ನು ಪರೀಕ್ಷಿಸಿ.

ಪಾಲಕರಿಗೆ ಒಂದು ಮಾತು. ಬಾನೆಟ್ ತೆರೆದು ನೋಡುವುದು ದೊಡ್ಡವರ ಕೆಲಸ. ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಟ್ಟನೆ ತಿರುಗಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಲೇಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವ ಬದಲು ಹೊಗೆ ಬಿಟ್ಟು ಪರೀಕ್ಷಿಸುವ ಗ್ಯಾರೇಜಿಗೆ ಹೋಗಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸುತ್ತ ಹೋಗಬೇಡಿ; ಉರಿಯದ ಪೆಟ್ರೋಲ್ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ಮೆಕ್ಯಾನಿಕ್‌ಗೆ ಮಕ್ಕಳ ನೋಟ್‌ಬುಕ್ ತೋರಿಸಿ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಲು ಹೇಳಿ. ರಿಪೇರಿಯಾದ ಮೇಲೂ ಇನ್ನೆರಡು ವಾರ ಬರೆಯುವುದನ್ನು ನಿಲ್ಲಿಸಬೇಡಿ, ಬಿಟ್ಟು ಬಿಟ್ಟು ಬರುವ ಕಾಯಿಲೆ ಎರಡು ದಿನ ಕಾಣಿಸದಿದ್ದರೆ ವಾಸಿಯಾಗಿದೆ ಎಂದಲ್ಲ.