ಫಲಪುಷ್ಪ ಪ್ರದರ್ಶನಗಳೂ ಕಸಿಸಸಿಗಳ ಪರೀಕ್ಷೆಯೂ

(ಅಬ್ಬೆತುಮಕೂರು ಸೀಮೆಯ ಗ್ರಾಮಮುಖ್ಯಸ್ಥರಿಗೂ ಭೂಮಾಲೀಕರಿಗೂ ಬರೆದದ್ದು)

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಗ್ರಾಮಮುಖ್ಯಸ್ಥರೂ ಭೂಮಾಲೀಕರೂ ಕೃಷಿಮೇಳಗಳಿಗೂ ಫಲಪುಷ್ಪ ಪ್ರದರ್ಶನಗಳಿಗೂ ಹೋಗಿಬರುತ್ತಿರುವುದು ಸಂತೋಷದ ಸಂಗತಿಯಾಗಿದೆ. ಹೀಗೆ ಹೋದವರಲ್ಲಿ ಬರಿಗೈಯಲ್ಲಿ ಹಿಂದಿರುಗತಕ್ಕವರು ವಿರಳ. ಹತ್ತು ಮಾವು, ನಾಲ್ಕು ನಿಂಬೆ, ಅಂಗಳಕ್ಕೆ ಒಂದೆರಡು ಹೂವಿನ ಗಿಡ ಎಂದು ಏನಾದರೊಂದು ಗಾಡಿಯಲ್ಲಿ ಬಂದೇ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಸಿಯೆಂಬ ಸರಕು ಮಿಕ್ಕ ಸರಕುಗಳಂತಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬಿತ್ತನೆಯ ಜೋಳ ಕೆಟ್ಟದ್ದಾದರೆ ಎಂಟು ದಿನಗಳೊಳಗೆ ಮೊಳಕೆಯೇ ಸಾಕ್ಷಿ ಹೇಳುತ್ತದೆ. ಎತ್ತು ಸೋಮಾರಿಯಾದರೆ ಒಂದು ಹಂಗಾಮಿನಲ್ಲಿ ತಿಳಿಯುತ್ತದೆ. ಕಸಿಮಾವಿನ ಗುಣಾವಗುಣಗಳಾದರೋ ಐದಾರು ವರ್ಷ ಕಳೆದು ಹಣ್ಣು ಕೈಗೆ ಬರುವವರೆಗೆ ಯಾರಿಗೂ ತಿಳಿಯುವಂತಿಲ್ಲ.

ಒಬ್ಬ ಭೂಮಾಲೀಕರು ನಾಲ್ಕು ಎಕರೆ ಜಮೀನಿನಲ್ಲಿ 33 ಅಡಿಗೊಂದರಂತೆ ಮಾವು ಹಾಕಿದರೆಂದು ಇಟ್ಟುಕೊಳ್ಳೋಣ. ಎಕರೆಗೆ 40ರಂತೆ 160 ಗಿಡಗಳಾದವು. ಆರನೆಯ ವರ್ಷ ಅವುಗಳಲ್ಲಿ ಅರ್ಧಭಾಗ ಹುಳಿನಾರಿನ ಕಾಯಿ ಬಿಟ್ಟರೆ ಅವರು ಕಳೆದುಕೊಂಡದ್ದು ಸಸಿಗೆ ಕೊಟ್ಟ ಹಣವನ್ನಲ್ಲ. ಆರು ವರ್ಷದ ನೀರು, ಗೊಬ್ಬರ, ಆಳಿನ ಕೂಲಿ, ಹೊಲದ ಆದಾಯ ಎಲ್ಲವನ್ನೂ. ಮಾರಿದವರನ್ನು ಹುಡುಕಿಕೊಂಡು ಹೋಗುವುದಕ್ಕೆ ಆಗ ರಸೀದಿಯೂ ಉಳಿದಿರುವುದಿಲ್ಲ. ಆದಕಾರಣ ಪ್ರದರ್ಶನಗಳಿಗೆ ಏತಕ್ಕೆ ಹೋಗಬೇಕು, ಅಲ್ಲಿ ಏನನ್ನು ನೋಡಬೇಕು, ಸಸಿಯನ್ನು ಹೇಗೆ ಪರೀಕ್ಷಿಸಬೇಕು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಪ್ರದರ್ಶನಗಳು ಕೇವಲ ಕಣ್ಣಿನ ವಿನೋದಕ್ಕಾಗಿ ಹುಟ್ಟಿದವಲ್ಲ. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿಯು ಆರಂಭಿಸಿದನು. 1856ರಲ್ಲಿ ಅದು ಸರ್ಕಾರೀ ಸಸ್ಯೋದ್ಯಾನವಾಯಿತು. ಹೊರದೇಶದ ಗಿಡಗಳನ್ನು ತರಿಸಿ, ನಮ್ಮ ನೆಲಕ್ಕೆ ಒಗ್ಗುವವೋ ಇಲ್ಲವೋ ಎಂದು ನೋಡಿ, ಒಗ್ಗಿದವುಗಳನ್ನು ರೈತರಿಗೆ ಹಂಚುವುದೇ ಅದರ ಮುಖ್ಯ ಕೆಲಸವಾಗಿತ್ತು. ಅಲ್ಲಿಯ ಗಾಜಿನ ಮನೆಗೆ 1889ನೆಯ ನವೆಂಬರ್ 30ರಂದು ಅಸ್ತಿಭಾರ ಹಾಕಲ್ಪಟ್ಟಿತು. ಆಗ ಉದ್ಯಾನದ ಮುಖ್ಯಾಧಿಕಾರಿಯಾಗಿದ್ದ ಜಾನ್ ಕ್ಯಾಮರನ್ನರ ಕಾಲದಲ್ಲಿ ಬಂದ ಸೀಮೆಬದನೆಯು ಆ ಪ್ರಾಂತದಲ್ಲಿ ಎಷ್ಟು ಬೇರೂರಿತೆಂದರೆ, ತಮಿಳರು ಅದನ್ನು ಈಗಲೂ ‘ಬೆಂಗಳೂರು ಕತ್ತರಿಕಾಯಿ’ ಎಂದೇ ಕರೆಯುತ್ತಾರೆ. ಅವರ ತರುವಾಯ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರೂ, ಆಮೇಲೆ ಹೆಚ್. ಸಿ. ಜವರಾಯರೂ ಈ ಕೆಲಸವನ್ನು ಮುಂದುವರಿಸಿದರು. ಎಂ. ಹೆಚ್. ಮರಿಗೌಡರು ಇದನ್ನು ಬೆಂಗಳೂರಿನಲ್ಲಿಯೇ ಇರಗೊಡದೆ, ರಾಜ್ಯದ ನಾನಾ ಕಡೆ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಏರ್ಪಡಿಸಿದರು.

ನಮ್ಮ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಗೂ, ಆಮೇಲೆ 1956ನೆಯ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯಕ್ಕೂ ಸೇರಿದ್ದರಿಂದ, ಮೈಸೂರು ಸೀಮೆಯ ರೈತರಿಗೆ ದೊರೆತ ಈ ಪ್ರಯೋಜನವು ನಮಗೆ ತಡವಾಗಿ ದೊರೆಯಿತು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದದ್ದೇ 2009ರ ಡಿಸೆಂಬರಿನಲ್ಲಿ. ಈಗಲಾದರೋ ದೂರದ ಮಾತಿಲ್ಲ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವೂ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಕೃಷಿಮೇಳವನ್ನೂ, 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದವರು ತೋಟಗಾರಿಕೆ ಮೇಳವನ್ನೂ ನಡೆಸುತ್ತಾರೆ. ಲಾಲ್‌ಬಾಗಿನ ಪ್ರದರ್ಶನವು ವರ್ಷಕ್ಕೆ ಎರಡಾವರ್ತಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ನಡೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಮೇಳದಲ್ಲಿ ಹೊಸ ತಳಿಗಳನ್ನು ಕಾಯಿಸಹಿತ ಹೊಲದಲ್ಲಿಯೇ ನೋಡಬಹುದು. ಮೇಳಗಳ ದಿನಾಂಕಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ ವಿಚಾರಿಸಿಕೊಂಡು ಹೊರಡುವುದು ಲೇಸು. ಹೂವಿನ ಆನೆ, ಹೂವಿನ ಕೋಟೆಗಳನ್ನು ಮಕ್ಕಳು ನೋಡಲಿ. ಭೂಮಾಲೀಕರು ತಮ್ಮ ವೇಳೆಯನ್ನು ಸಸ್ಯಾಗಾರದ ಸಾಲಿನಲ್ಲಿಯೂ ತಾಯಿಮರಗಳ ತೋಪಿನಲ್ಲಿಯೂ ಕಳೆಯತಕ್ಕದ್ದು.

ಹೆಣ್ಣು ತರುವಾಗ ಮನೆತನವನ್ನು ವಿಚಾರಿಸುತ್ತೇವಲ್ಲವೆ? ಸಸಿ ತರುವಾಗಲೂ ತಾಯಿಮರ ಯಾವುದು, ಅದು ಎಲ್ಲಿದೆ, ಎಷ್ಟು ವರ್ಷದಿಂದ ಫಲ ಕೊಡುತ್ತಿದೆ ಎಂದು ಕೇಳಬೇಕು. ನಿಜವಾದ ಸಸ್ಯಾಗಾರದವನು ಕೈಹಿಡಿದು ಕರೆದುಕೊಂಡು ಹೋಗಿ ಮರವನ್ನು ತೋರಿಸುತ್ತಾನೆ. ‘ಮೇಲಿನಿಂದ ತರಿಸಿದ್ದು’ ಎಂದಷ್ಟೇ ಹೇಳುವವನಲ್ಲಿ ಹೂವಿನ ಗಿಡ ಕೊಳ್ಳಬಹುದು, ತೋಪಿಗೆ ಬೇಕಾದ ಸಸಿಯನ್ನು ಕೊಳ್ಳಬಾರದು. ಸರ್ಕಾರದ ಕ್ಷೇತ್ರಗಳು, ವಿಶ್ವವಿದ್ಯಾಲಯಗಳು ಮತ್ತು ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಮಾನ್ಯತೆ ಪಡೆದ ಸಸ್ಯಾಗಾರಗಳು ಈ ವಿಷಯದಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯವಾದವು.

ಇನ್ನು ಸಸಿಯ ಪರೀಕ್ಷೆ. ಮೊದಲು ಕಸಿಯ ಬೆಸುಗೆಯನ್ನು ನೋಡಬೇಕು. ಅದು ಮಣ್ಣಿನಿಂದ ಸುಮಾರು ಒಂದು ಗೇಣಿನಷ್ಟು ಮೇಲಿದ್ದು, ಕೆಳಗಿನ ಕಾಂಡವೂ ಮೇಲಿನ ಕಾಂಡವೂ ಹೆಚ್ಚುಕಡಿಮೆ ಒಂದೇ ದಪ್ಪವಾಗಿ ಕೂಡಿಕೊಂಡಿರಬೇಕು. ಬೆಸುಗೆಯಲ್ಲಿ ಬಿರುಕು, ಗಂಟು, ಅಂಟು ಸೋರಿಕೆ ಕಂಡುಬಂದರೆ ಬಿಡತಕ್ಕದ್ದು. ಬೆಸುಗೆಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯು ಹಾಗೆಯೇ ಉಳಿದಿದ್ದರೆ, ನೆಟ್ಟ ಮೇಲೆ ಅದು ಕಾಂಡವನ್ನು ಉರುಲಿನಂತೆ ಬಿಗಿದು ಕೊಲ್ಲುತ್ತದೆ. ಬೆಸುಗೆ ಗಟ್ಟಿಯಾಗಿದ್ದರೆ ಕೊಂಡ ದಿನವೇ ಅದನ್ನು ಬಿಚ್ಚಿಸಬೇಕು. ಬೆಸುಗೆಯ ಕೆಳಗೆ ಚಿಗುರೊಡೆದಿದ್ದರೆ ಅದು ಬೇರುಸಸಿಯ ಚಿಗುರು, ಎಂದರೆ ಕಾಡುಮಾವಿನದು. ಅನೇಕ ತೋಟಗಳಲ್ಲಿ ಒಡೆಯನಿಗೆ ತಿಳಿಯದಂತೆ ಒಳ್ಳೆಯ ಕಸಿಯು ಸತ್ತುಹೋಗಿ ಈ ಕೆಳಚಿಗುರೇ ಮರವಾಗಿ ನಿಂತಿರುತ್ತದೆ. ಮಾರಿದವನು ಮೋಸ ಮಾಡಿದನೆಂದು ಬೈಯುವುದಕ್ಕೆ ಮುಂಚೆ ಇದನ್ನೂ ವಿಚಾರಿಸಿ ನೋಡುವುದು ನ್ಯಾಯ.

ಎರಡನೆಯದು ಬೇರು. ಕೊಳ್ಳುವವರು ಎತ್ತರದ ಸಸಿಯನ್ನೂ, ಚೀಲದಲ್ಲಿಯೇ ಹೂವು ಕಾಯಿ ಹೊತ್ತ ಸಸಿಯನ್ನೂ ಆರಿಸುವುದು ಸಾಮಾನ್ಯ. ಇದು ತಲೆಕೆಳಗಾದ ಪರೀಕ್ಷೆಯೆಂದು ಹೇಳದೆ ವಿಧಿಯಿಲ್ಲ. ಎರಡು ಮೂರು ವರ್ಷ ಚೀಲದಲ್ಲಿಯೇ ಉಳಿದ ಸಸಿಯ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ನೆಲಕ್ಕಿಳಿದ ಮೇಲೆಯೂ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ಗಿಡ ಗಿಡ್ಡಾಗಿ ನಿಲ್ಲುತ್ತದೆ, ಇಲ್ಲವೆ ಗಾಳಿಗೆ ಬೀಳುತ್ತದೆ. ಕಸಿಮಾಡಿ ಒಂದು ವರ್ಷವಾದ, ಒಂದೂವರೆ ಅಡಿಯ, ಕಡುಹಸುರು ಎಲೆಯ ಸಸಿಯೇ ಉತ್ತಮ. ಹತ್ತಕ್ಕೆ ಒಂದು ಚೀಲವನ್ನಾದರೂ ಸೀಳಿ ತೋರಿಸೆಂದು ಕೇಳಬೇಕು. ಆ ಒಂದು ಸಸಿಯ ಬೆಲೆಯನ್ನು ಕೊಟ್ಟರೂ ನಷ್ಟವಿಲ್ಲ.

ಮೂರನೆಯದು ಸಸಿಗೂ ನಮ್ಮ ನೆಲಕ್ಕೂ ಇರುವ ಸಂಬಂಧ. ಯಾದಗಿರಿಯ ಸುತ್ತ ಎರೆಯೂ ಮಸಾರಿಯೂ ಮರಡಿಯೂ ಬೆರೆತಿವೆ. ಒಂದೇ ಗ್ರಾಮದಲ್ಲಿ ಮೂರೂ ಸಿಕ್ಕುವುದುಂಟು. ಆಳವಾದ ಎರೆಯು ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಕೊಳೆಸುತ್ತದೆ, ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಅಲ್ಲಿ ಮಾವು ಹಾಕುವುದು ಸಾಹಸವೇ ಸರಿ. ನೀರು ಬಸಿಯುವ ಮಸಾರಿಯಲ್ಲಿ ಮಾವೂ ಚಿಕ್ಕೂ ಬರುತ್ತವೆ. ಕಲ್ಲುಮರಡಿಯಲ್ಲಿ ಸೀತಾಫಲ, ಬಾರೆ, ನೆಲ್ಲಿ, ಹುಣಸೆಗಳೇ ಬುದ್ಧಿವಂತರ ಆಯ್ಕೆ. ಚಿಕ್ಕು ಸಸಿಯನ್ನು ಖಿರ್ಣಿಯ ಬೇರಿನ ಮೇಲೆ ಕಸಿಮಾಡಿರಬೇಕು. ಖಿರ್ಣಿ ನಿಧಾನವಾಗಿ ಬೆಳೆಯುವುದರಿಂದ ಅಂಥ ಸಸಿಗೆ ಬೆಲೆ ಹೆಚ್ಚು. ಗೂಟಿ ಕಟ್ಟಿದ ಅಗ್ಗದ ಸಸಿಯ ಬೇರು ಮೇಲೆಯೇ ಹರಡುತ್ತದೆ.

ನಿಂಬೆಯ ವಿಷಯದಲ್ಲಿ ಒಂದು ಸೌಕರ್ಯವಿದೆ. ನಿಂಬೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುದನ್ನು ಮಾಲಿಗಳು ಬಲ್ಲರು. ಇವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟಿ ತಾಯಿಯ ಪಡಿಯಚ್ಚಾಗಿರುತ್ತವೆ. ಆದಕಾರಣ ಒಳ್ಳೆಯ ಕಾಗದಿ ನಿಂಬೆಯ ಮರವೊಂದು ಊರಿನಲ್ಲಿದ್ದರೆ, ಬೀಜದ ಅಗಿಯನ್ನು ಮನೆಯ ಹಿತ್ತಿಲಿನಲ್ಲಿಯೇ ಎಬ್ಬಿಸಬಹುದು. ಆ ಮರಕ್ಕೆ ಕಜ್ಜಿರೋಗ ಇರಬಾರದು. ಅಗಿಯಲ್ಲಿ ತೀರ ಸೊರಗಿದವುಗಳನ್ನೂ ಬೇರೆ ಚಹರೆಯವುಗಳನ್ನೂ ಕಿತ್ತುಹಾಕಬೇಕು. ಮಾವಿನ ಓಟೆಯಿಂದ ಇಂಥ ನಂಬಿಕೆಯನ್ನು ಇಟ್ಟುಕೊಳ್ಳಲಾಗದು.

ರೋಗದ ಮಾತು ಬಂದದ್ದರಿಂದ ದಾಳಿಂಬೆಯ ಕಥೆಯನ್ನು ಹೇಳಲೇಬೇಕು. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ದಾಳಿಂಬೆಯಿಂದ ಸಿರಿವಂತರಾದವರು, ದುಂಡಾಣು ಅಂಗಮಾರಿಯು ಹಬ್ಬಿದಾಗ ತೋಟಗಳನ್ನೇ ಕಡಿದು ಸುಟ್ಟರು. ಎಲೆಯಲ್ಲಿ ಎಣ್ಣೆಯಂತಹ ಚುಕ್ಕೆ, ಕಾಂಡದಲ್ಲಿ ಕಪ್ಪು ಗಾಯ, ಕಾಯಿಯ ಮೇಲೆ ಬಿರುಕು ಇದರ ಲಕ್ಷಣಗಳು. ಮಳೆಗಾಳಿಯಿಂದ ಹೊಲದಿಂದ ಹೊಲಕ್ಕೆ ಹಬ್ಬುವ ಈ ರೋಗವು ದೂರದ ಊರಿಗೆ ಹೋಗುವುದು ಮುಖ್ಯವಾಗಿ ಸಸಿಯ ಮೂಲಕ. ರೋಗಿಷ್ಠ ತೋಟದ ಕಡ್ಡಿಯಿಂದ ಮಾಡಿದ ಸಸಿ ಕೊಳ್ಳುವಾಗ ನಿರೋಗಿಯಂತೆಯೇ ಕಾಣಬಹುದು. ದಾಳಿಂಬೆ ಹಾಕಲೇಬೇಕೆಂಬವರು ಪರೀಕ್ಷಿಸಲ್ಪಟ್ಟ ಅಂಗಾಂಶ ಕೃಷಿಯ ಸಸಿಗಳನ್ನೇ ತರತಕ್ಕದ್ದು. ಒಬ್ಬರು ಅಗ್ಗಕ್ಕೆ ತಂದ ನೂರು ಸಸಿಗಳು ಇಡೀ ಗ್ರಾಮದ ತೋಟಗಳಿಗೆ ಆಪತ್ತಾಗುವುದರಿಂದ, ಇದು ಒಬ್ಬ ರೈತನ ಸ್ವಂತ ವಿಷಯವಲ್ಲ. ಗ್ರಾಮಮುಖ್ಯಸ್ಥರು ವಿಚಾರಿಸತಕ್ಕ ವಿಷಯ.

ಆಂಧ್ರದ ರಾಜಮಹೇಂದ್ರಿಯ ಸಮೀಪದ ಕಡಿಯಂ ಎಂಬಲ್ಲಿ ಗೋದಾವರಿಯ ಮೆಕ್ಕಲು ಭೂಮಿಯಲ್ಲಿ ಊರಿಗೆ ಊರೇ ಸಸ್ಯಾಗಾರವಾಗಿ, ಅಲ್ಲಿಯ ಗಿಡಗಳು ಲಾರಿಗಳಲ್ಲಿ ದೇಶದ ನಾನಾ ಕಡೆಗೆ ಹೋಗುತ್ತವೆ. ಅವರ ಕೈಚಳಕಕ್ಕೆ ತಲೆದೂಗಲೇಬೇಕು. ಆದರೆ ತೇವದ ಹವೆಯಲ್ಲಿ ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು, ಬೇಸಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಅದು ಬದುಕುವುದೆಂತು? ಹೊರಗಿನಿಂದ ಬಂದ ಯಾವ ಸಸಿಯನ್ನೇ ಆಗಲಿ ಬಾವಿಯ ಪಕ್ಕದ ಮರದ ನೆರಳಿನಲ್ಲಿ ಹದಿನೈದು ದಿನವಿಟ್ಟು, ದಿನಕ್ಕಿಷ್ಟು ಬಿಸಿಲನ್ನು ಹೆಚ್ಚಿಸುತ್ತ ಬಂದು ಆಮೇಲೆ ನೆಡಬೇಕು.

ಊರಿನ ಅಂದಕ್ಕಾಗಿ ಹಾಕುವ ಮರಗಳ ಬಗ್ಗೆಯೂ ಎರಡು ಮಾತು. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಜಾತ್ರೆಯಲ್ಲಿ ಬರುವ ಜನಸಮೂಹಕ್ಕೆ ಬೇಕಾದದ್ದು ನೆರಳು. ಬೇವು, ಹೊಂಗೆ, ಹುಣಸೆ, ಅರಳಿ, ಬಸರಿಗಳಷ್ಟು ನೆರಳನ್ನು ಇಷ್ಟು ಕಡಿಮೆ ನೀರಿನಲ್ಲಿ ಕೊಡತಕ್ಕ ಮರಗಳು ಬೇರೆ ಇಲ್ಲ. ಆದರೂ ಬೇಗ ಹಸುರಾಗುತ್ತದೆಂದು ಕಾನೊಕಾರ್ಪಸ್ ಎಂಬ ಪರದೇಶದ ಗಿಡವನ್ನು ಶಾಲೆ, ಕಛೇರಿ, ರಸ್ತೆಗಳ ಬದಿಗೆ ಸಾಲಾಗಿ ನೆಡುವುದು ರೂಢಿಯಾಯಿತು. ಇದರ ಬೇರು ಕೊಳವೆಗಳಿಗೂ ಚರಂಡಿಗಳಿಗೂ ಹಾನಿಕರವೆಂದೂ, ಪರಾಗವು ಉಬ್ಬಸ ಮತ್ತು ನೆಗಡಿಯನ್ನು ಕೆರಳಿಸುವುದೆಂದೂ ಕಾರಣ ಕೊಟ್ಟು ಗುಜರಾತಿನ ಅರಣ್ಯ ಇಲಾಖೆಯು 2023ರಲ್ಲಿ ಇದನ್ನು ನಿಷೇಧಿಸಿತು. ಪಂಚಾಯಿತಿಯ ಹಣದಲ್ಲಿ ಗಿಡ ತರಿಸುವ ಮುಖಂಡರು ಪಟ್ಟಿಯಲ್ಲಿ ಈ ಹೆಸರಿದ್ದರೆ ಹೊಡೆದುಹಾಕಿಸಲಿ.

ಬೇವಿಗಾಗಿ ಎಲ್ಲಿಗೂ ಹೋಗಬೇಕಾದ್ದಿಲ್ಲ. ಮುಂಗಾರಿನ ಆರಂಭದಲ್ಲಿ ಉದುರುವ ಹಣ್ಣುಗಳನ್ನು ಆಯ್ದು, ತಿರುಳು ತೊಳೆದು, ಎರಡು ಮೂರು ದಿನ ನೆರಳಿನಲ್ಲಿ ಆರಿಸಿ ಕೂಡಲೇ ಚೀಲಗಳಲ್ಲಿ ಊರಬೇಕು. ಕೆಲವು ವಾರ ಇಟ್ಟರೆ ಬೇವಿನ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ‘ಮುಂದಿನ ವರ್ಷಕ್ಕೆ’ ಎಂದು ಡಬ್ಬಿಯಲ್ಲಿ ಕಾದಿಡುವುದು ವ್ಯರ್ಥ. ಈ ವರ್ಷ ಎಬ್ಬಿಸಿದ ಸಸಿಯು ಮರುವರ್ಷದ ಮಳೆಗೆ ನೆಡಲು ಸಿದ್ಧವಾಗುತ್ತದೆ. ಹೊಲದ ಬದುಗಳಲ್ಲಿ ಮರ ಬೆಳೆಸುವವರಿಗೆ ಅರಣ್ಯ ಇಲಾಖೆಯು ರಿಯಾಯಿತಿ ದರದಲ್ಲಿ ಸಸಿ ಕೊಟ್ಟು, ಬದುಕುಳಿದವುಗಳ ಎಣಿಕೆಯ ಮೇಲೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’ಯನ್ನು ನಡೆಸಿಕೊಂಡು ಬಂದಿದೆ; ವಿವರಗಳನ್ನು ವಲಯ ಅರಣ್ಯಾಧಿಕಾರಿಗಳಿಂದ ತಿಳಿಯಬಹುದು. ನೆಟ್ಟದ್ದಕ್ಕಲ್ಲದೆ ಬದುಕಿದ್ದಕ್ಕೆ ಹಣ ಕೊಡುವ ಈ ಕ್ರಮವು ನಮಗೆ ಬಹಳ ಸರಿಯೆಂದು ತೋರುತ್ತದೆ.

ತೋಪು ಹಾಕುವವರು ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಮೂರಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ತೆಗೆಸಿ ಬಿಸಿಲಿಗೆ ಬಿಡಬೇಕು. ಮೇಲುಮಣ್ಣಿಗೆ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಒಂದೆರಡು ಹದಮಳೆಗೆ ಮಣ್ಣು ಕುಸಿದು ಕುಳಿತ ಮೇಲೆ ಸಂಜೆಯ ಹೊತ್ತು ನೆಡುವುದು. ಚೀಲವನ್ನು ಪೂರ್ತಿ ಸೀಳಿ ತೆಗೆಯಬೇಕು, ಮಣ್ಣಿನ ಹೆಂಟೆ ಒಡೆಯಬಾರದು, ಬೆಸುಗೆಯು ನೆಲಕ್ಕೆ ತಾಗಬಾರದು. ಮೊದಲ ಮೂರು ವರ್ಷ ಬಂದ ಹೂವನ್ನು ಚಿವುಟಿಹಾಕಬೇಕು. ಮನೆಯ ಹೆಂಗಸರೂ ಮಕ್ಕಳೂ ಆಕ್ಷೇಪಿಸಿದರೂ ಇದನ್ನು ಬಿಡಬಾರದು. ಪ್ರತಿಯೊಂದು ಗಿಡಕ್ಕೂ ತಗಡಿನ ಚೀಟಿಯಲ್ಲಿ ಸಂಖ್ಯೆ ಬರೆದು ಪಕ್ಕದ ಗೂಟಕ್ಕೆ ಕಟ್ಟಿ, ಒಂದು ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ತಳಿ, ಬೇರುಸಸಿ, ತಂದ ಸಸ್ಯಾಗಾರ ಮತ್ತು ನೆಟ್ಟ ದಿನಾಂಕಗಳನ್ನು ಬರೆದು, ರಸೀದಿಯನ್ನು ಅದರೊಳಗೆಯೇ ಅಂಟಿಸಿಡತಕ್ಕದ್ದು.