ಅಂಗೈ ಮೇಲಿನ ಹಬೆ ಇಂಜಿನ್

ಒಲೆಯ ಮೇಲೆ ಅನ್ನದ ಪಾತ್ರೆ ಇದೆ. ನೀರು ಕುದಿಯುತ್ತಿದೆ. ಮುಚ್ಚಳ ಏನು ಮಾಡುತ್ತೆ? ಕಟಕಟ ಅಂತ ಕುಣಿಯುತ್ತೆ. ಅದನ್ನು ಎತ್ತಿದ್ದು ಯಾರು? ಹಬೆ.

ಒಂದು ಲೋಟ ನೀರು ಪೂರ್ತಿ ಹಬೆಯಾದರೆ ಸುಮಾರು 1,600 ಲೋಟದಷ್ಟು ಜಾಗ ಕೇಳುತ್ತೆ. ಜಾಗ ಸಿಗದಿದ್ದರೆ ತಳ್ಳುತ್ತೆ. ಆ ತಳ್ಳುವ ಬಲವನ್ನು ಹಿಡಿದು ಚಕ್ರ ತಿರುಗಿಸುವ ಯಂತ್ರವೇ ಹಬೆ ಇಂಜಿನ್.

ದೊಡ್ಡ ಹಬೆ ಇಂಜಿನ್ನನ್ನು ನಮ್ಮ ಹಿರಿಯರು ನೋಡಿದ್ದಾರೆ. ಬೆಂಗಳೂರಿನಿಂದ ಮೊದಲ ರೈಲು ಹೊರಟಿದ್ದು 1864ರಲ್ಲಿ, ಜೋಲಾರ್‌ಪೇಟೆ ಕಡೆಗೆ. 1882ರಲ್ಲಿ ಕೆಂಗೇರಿ ಮೇಲೆ ಮೈಸೂರಿಗೂ ರೈಲು ಹೋಯಿತು. ಆಗ ಎಲ್ಲವೂ ಹಬೆ ಬಂಡಿಗಳೇ. ಈಗ ಅವನ್ನು ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಬೇಕು.

ಆದರೆ ಅಂಗೈ ಮೇಲೆ ಕೂರುವಷ್ಟು ಚಿಕ್ಕ ಹಬೆ ಇಂಜಿನ್ನನ್ನು ಮನೆಯಲ್ಲೇ ಮಾಡಬಹುದು. ಅದು ಬರೀ ಬೊಂಬೆ ಅಲ್ಲ, ನಿಜವಾಗಿ ಓಡುತ್ತೆ. ಹಲವು ದೇಶಗಳಲ್ಲಿ ಜನ ಇದನ್ನು ಹವ್ಯಾಸವಾಗಿ ಮಾಡುತ್ತಾರೆ. ನಮ್ಮ ಹೊಸಹಳ್ಳಿಯವರಿಗೆ ಇದು ದೂರದ ಮಾತಲ್ಲ. ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ಕಾಮಾಕ್ಷಿಪಾಳ್ಯ. ಅಲ್ಲಿ ಸಂದಿಸಂದಿಯಲ್ಲಿ ಲೇತ್ ಶಾಪ್‌ಗಳು. ಲೇತ್ ಮೇಲೆ ಕೈ ಕುದುರಿದವರಿಗೆ ಈ ಕೆಲಸ ಕಷ್ಟವಲ್ಲ.

ಕಷ್ಟ ಇರೋದು ಕಾಗದದಲ್ಲಿ. ನಮ್ಮ ಸಂಜೆ ತರಗತಿಗೆ ಬರುವ ಅಣ್ಣ ಒಬ್ಬರು ಇಪ್ಪತ್ತು ವರ್ಷದಿಂದ ಲೇತ್ ನಡೆಸುತ್ತಿದ್ದಾರೆ. ಅಂಕಿ ಗೊತ್ತು, ಅಳತೆ ತಪ್ಪುವುದಿಲ್ಲ. ಮಾದರಿ ಕೊಟ್ಟರೆ ಅದರಂತೆಯೇ ಮಾಡಿಕೊಡುತ್ತಾರೆ. ಆದರೆ ಡ್ರಾಯಿಂಗ್‌ನಲ್ಲಿ ಅಂಕಿಯ ಪಕ್ಕ ಬರೆದ ಮಾತನ್ನು ಓದಲು ಬರುತ್ತಿರಲಿಲ್ಲ. ಆ ಮಾತುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ ಬೇರೆ. ನಾವೆಲ್ಲ ಅವರ ಜೊತೆ ಕೂತು ಅದನ್ನು ಕನ್ನಡದಲ್ಲಿ ಬರೆದುಕೊಂಡೆವು. ಈ ಪಾಠ ಹುಟ್ಟಿದ್ದು ಹಾಗೆ.

ಇಂಜಿನ್ ಹೇಗಿರುತ್ತೆ?

ಹಿತ್ತಾಳೆಯ ಒಂದು ತುಂಡು. ಅದರ ನಡುವೆ 8 ಮಿಲಿಮೀಟರ್ ಅಗಲದ ನುಣುಪಾದ ತೂತು. ಇದು ಸಿಲಿಂಡರ್. ಅದರೊಳಗೆ ಹಿಂದೆ ಮುಂದೆ ಜಾರುವ ಪಿಸ್ಟನ್. ಪಿಸ್ಟನ್ ಕಡ್ಡಿಯ ತುದಿ ಒಂದು ಭಾರದ ಚಕ್ರಕ್ಕೆ ಸೇರಿರುತ್ತೆ. ಆ ಚಕ್ರದ ಹೆಸರು ಫ್ಲೈವೀಲ್.

ಈ ಪುಟ್ಟ ಇಂಜಿನ್ನಿನಲ್ಲಿ ಸಿಲಿಂಡರ್ ಸುಮ್ಮನೆ ನಿಲ್ಲುವುದಿಲ್ಲ, ತೊಟ್ಟಿಲಿನ ಹಾಗೆ ತೂಗುತ್ತೆ. ಸಿಲಿಂಡರ್‌ನ ಬದಿಯಲ್ಲಿ ಒಂದು ಸಣ್ಣ ತೂತು. ಅದಕ್ಕೆ ಅಂಟಿಕೊಂಡಂತೆ ಹಿಂದೆ ಒಂದು ಹಲಗೆ, ಅದರಲ್ಲಿ ಎರಡು ತೂತು. ಸಿಲಿಂಡರ್ ಒಂದು ಕಡೆ ವಾಲಿದಾಗ ಅದರ ತೂತು ಹಬೆ ಬರುವ ತೂತಿಗೆ ಎದುರಾಗುತ್ತೆ. ಹಬೆ ಒಳಗೆ ನುಗ್ಗಿ ಪಿಸ್ಟನ್ ತಳ್ಳುತ್ತೆ, ಚಕ್ರ ತಿರುಗುತ್ತೆ. ತಿರುಗಿದ ಚಕ್ರ ಸಿಲಿಂಡರನ್ನು ಇನ್ನೊಂದು ಕಡೆ ವಾಲಿಸುತ್ತೆ. ಆಗ ತೂತು ಹೊರಹೋಗುವ ದಾರಿಗೆ ಎದುರಾಗುತ್ತೆ. ಕೆಲಸ ಮುಗಿಸಿದ ಹಬೆ ಪುಸ್ ಅಂತ ಹೊರಗೆ. ಚಕ್ರದ ಭಾರವೇ ಪಿಸ್ಟನ್ನನ್ನು ವಾಪಸ್ ಒಳಗೆ ದೂಡುತ್ತೆ. ಎಷ್ಟು ಜಾಣತನ ನೋಡಿ! ಬಾಗಿಲು ತೆಗೆಯಲು, ಹಾಕಲು ಬೇರೆ ಆಳು ಬೇಡ.

ಸಿಲಿಂಡರ್ ಮತ್ತು ಹಲಗೆ ಒಂದಕ್ಕೊಂದು ತಾಗುವ ಮುಖ ಚಪ್ಪಟೆಯಾಗಿರಬೇಕು. ಇಲ್ಲವಾದರೆ ಹಬೆ ಅಲ್ಲೇ ಸೋರುತ್ತೆ. ಗಾಜಿನ ಮೇಲೆ ಎಮೆರಿ ಕಾಗದ ಇಟ್ಟು ನಿಧಾನವಾಗಿ ಉಜ್ಜಬೇಕು. ಇಲ್ಲಿ ಅವಸರ ನಡೆಯದು.

ಬಲ ಎಷ್ಟು? ಉಗುರಿನಗಲದ ಜಾಗಕ್ಕೆ, ಅಂದರೆ 1 ಚದರ ಸೆಂಟಿಮೀಟರಿಗೆ, 1 ಕೆ.ಜಿ. ಒತ್ತಡ ಇದೆ ಅನ್ನಿ. 8 ಮಿ.ಮೀ. ಪಿಸ್ಟನ್ನಿನ ಮುಖ ಸುಮಾರು ಅರ್ಧ ಚದರ ಸೆಂಟಿಮೀಟರ್. ಹಾಗಾದರೆ ಹಬೆ ಅರ್ಧ ಕೆ.ಜಿ. ಬಲದಿಂದ ತಳ್ಳುತ್ತೆ. ಪುಟ್ಟ ಚಕ್ರಕ್ಕೆ ಅಷ್ಟು ಸಾಕು.

ಮೊದಲ ಸಲ ಓಡಿಸಲು ಹಬೆ ಬೇಡ. ಸೈಕಲ್ ಪಂಪಿನ ಗಾಳಿ ಸಾಕು. ಗಾಳಿಯಲ್ಲಿ ಓಡದ ಇಂಜಿನ್ ಹಬೆಯಲ್ಲೂ ಓಡದು.

ಬಾಯ್ಲರ್: ಇಲ್ಲಿ ನಿಲ್ಲಿ, ನಿಧಾನವಾಗಿ ಓದಿ

ನೀರು ಕಾಯಿಸಿ ಹಬೆ ಮಾಡುವ ಪಾತ್ರೆಯೇ ಬಾಯ್ಲರ್. ಇಂಜಿನ್ ಕೆಟ್ಟರೆ ಹಿತ್ತಾಳೆ ದಂಡ, ಅಷ್ಟೆ. ಬಾಯ್ಲರ್ ಕೆಟ್ಟರೆ ಕಣ್ಣು, ಕೈ ಹೋಗುತ್ತೆ.

ಆ ಅಣ್ಣನ ಡ್ರಾಯಿಂಗ್‌ನಲ್ಲಿ ಬಾಯ್ಲರ್ ಪಕ್ಕ ಒಂದು ಮಾತು ಇತ್ತು: "ಬೆಳ್ಳಿ ಬೆಸುಗೆ ಮಾತ್ರ." ಯಾಕೆ ಗೊತ್ತೆ? ರೇಡಿಯೋ ರಿಪೇರಿಗೆ ಬಳಸುವ ಸೀಸ-ತವರದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತೆ. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಹೆಚ್ಚು ಶಾಖ ಬೇಕು. ನೀರು ಬತ್ತಿ ಬೆಂಕಿ ಉರಿಯುತ್ತಲೇ ಇದ್ದರೆ ಸೀಸದ ಬೆಸುಗೆ ಬಿಟ್ಟುಕೊಳ್ಳುತ್ತೆ. ಈ ಮೂರು ಪದ ಓದದಿದ್ದರೆ, ಎಷ್ಟು ಚೆನ್ನಾಗಿ ಲೇತ್ ಬಂದರೂ ಅಪಾಯವೇ.

ಬಾಯ್ಲರಿಗೆ ದಪ್ಪ ತಾಮ್ರದ ಕೊಳವೆ ಬೇಕು. ತಗಡಿನ ಡಬ್ಬ ಬೇಡವೇ ಬೇಡ. ಸೇಫ್ಟಿ ವಾಲ್ವ್ ಇರಲೇಬೇಕು. ಒತ್ತಡ ಹೆಚ್ಚಾದರೆ ಅದು ತಾನೇ ತೆರೆದು ಹಬೆ ಬಿಡುತ್ತೆ. ಬೆಂಕಿ ಹಚ್ಚುವ ಮೊದಲು ಬಾಯ್ಲರ್ ತುಂಬ ತಣ್ಣೀರು ತುಂಬಿ, ಬೇಕಾದ ಒತ್ತಡದ ಎರಡರಷ್ಟು ಒತ್ತಡ ಕೊಟ್ಟು ನೋಡಬೇಕು. ತಣ್ಣೀರಾದರೆ ಬಿರುಕು ಬಿಟ್ಟರೂ ಸೋರುತ್ತೆ, ಸಿಡಿಯುವುದಿಲ್ಲ. ಗಾಳಿ ತುಂಬಿ ಈ ಪರೀಕ್ಷೆ ಮಾಡಬಾರದು.

ಕಾಯಿಸಲು ಸ್ಪಿರಿಟ್ ದೀಪ ಸಾಕು. ಅದರ ಜ್ವಾಲೆ ಹಗಲಲ್ಲಿ ಸರಿಯಾಗಿ ಕಾಣದು. ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ.

ನಮಗೆ ಲೇತೂ ಬೇಡ, ಇಂಜಿನ್ನೂ ಬೇಡ ಅನ್ನುವ ಅಕ್ಕಂದಿರೆ, ನಿಮ್ಮ ಅಡಿಗೆಮನೆಯಲ್ಲೂ ಒಂದು ಬಾಯ್ಲರ್ ಇದೆ. ಅದೇ ಕುಕ್ಕರ್. ಒಳಗೆ ಸುಮಾರು 120 ಡಿಗ್ರಿ ಶಾಖ. ವಿಷಲ್ ಮೊದಲ ಕಾವಲು, ಮುಚ್ಚಳದ ಸೇಫ್ಟಿ ವಾಲ್ವ್ ಎರಡನೇ ಕಾವಲು. ವಾಲ್ವ್ ಹೋದರೆ ಅದೇ ಕಂಪನಿಯದು ತಂದು ಹಾಕಿಸಿ. ಆ ತೂತಿಗೆ ಮೊಳೆ, ಮೇಣ ತುರುಕಬೇಡಿ.

ಮಕ್ಕಳಿಗೆ ಹಬೆಯ ಆಟ ಬೇಕೆ? ಜಾತ್ರೆಯಲ್ಲಿ ಪಟಪಟ ಅನ್ನುವ ತಗಡಿನ ದೋಣಿ ಸಿಕ್ಕರೆ ತನ್ನಿ. ಅದರಲ್ಲಿ ಪಿಸ್ಟನ್ನೂ ಇಲ್ಲ, ಚಕ್ರವೂ ಇಲ್ಲ. ಒಳಗಿನ ಹಬೆ ಕೊಳವೆಯ ನೀರನ್ನು ಹಿಂದಕ್ಕೆ ದೂಡುತ್ತೆ. ದೋಣಿ ಮುಂದೆ ಹೋಗುತ್ತೆ. ಹಬೆ ತಣ್ಣಗಾದಾಗ ನೀರು ಮತ್ತೆ ಒಳಗೆ ಬರುತ್ತೆ. ಕೊಳವೆಯ ಬಾಯಿ ಸದಾ ತೆರೆದೇ ಇರುವುದರಿಂದ ಒತ್ತಡ ಒಳಗೆ ಕೂಡಿಕೊಳ್ಳುವುದಿಲ್ಲ.

ಓದಿ, ಬರೆಯಿರಿ

1. ಹಬೆ, ಹಿತ್ತಾಳೆ, ತಾಮ್ರ, ಬೆಸುಗೆ, ಒತ್ತಡ.
2. ಪಿಸ್ಟನ್ 8 ಮಿ.ಮೀ. ಬದಲು 16 ಮಿ.ಮೀ. ಆದರೆ ಬಲ ಎರಡು ಪಟ್ಟೋ, ನಾಲ್ಕು ಪಟ್ಟೋ? ಚೌಕುಳಿ ಕಾಗದದ ಮೇಲೆ ಎರಡು ವೃತ್ತ ಬರೆದು ಮನೆಗಳನ್ನು ಎಣಿಸಿ.
3. ನಿಮ್ಮ ಕುಕ್ಕರ್ ಮುಚ್ಚಳದ ಮೇಲೆ ಏನು ಬರೆದಿದೆ? ಓದಿಕೊಂಡು ಬನ್ನಿ. ನಾಳೆ ತರಗತಿಯಲ್ಲಿ ಹೇಳಿ.